ಕೊಯ್ಯಬೇಕಿದ್ದ ಕಲ್ಲು

2025ರ ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ ಹತ್ತೂಕಾಲಿಗೆ ಗಚ್ಚಿಬೌಲಿಯ ಠಾಣೆಗೆ ಡಾ. ಜನಾರ್ದನ ದೂರು ಹಿಡಿದು ಬಂದರು. ಲಿಂಗಸುಗೂರಿನ ಹತ್ತಿರ ಉತ್ಖನನದ ವೇಳೆ ಸಂಗ್ರಹಿಸಿದ ಶಿಲಾಯುಗದ ಕಲ್ಲುಗಳನ್ನು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯದ ಮುಖ್ಯಸ್ಥರು ಅವರು. ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಯೊಂದು ಕಾಣೆಯಾಗಿತ್ತು. ಸೋಮವಾರ ಅದನ್ನು ಗರಗಸದಲ್ಲಿ ಕೊಯ್ದು, ತೆಳ್ಳನೆಯ ಬಿಲ್ಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದಿತ್ತು.

"ನಾಲ್ಕು ಸಾವಿರ ವರ್ಷದ ವಸ್ತು. ಸಂಜೆಯೊಳಗೆ ಬೇಕು. ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕೋ ಗೊತ್ತು."

"ನಾಲ್ಕು ಸಾವಿರ ವರ್ಷ ಕಾದೈತಿ, ಪಂಚನಾಮೆ ಮುಗಿಯೋತನಕ ಕಾಯ್ತೈತಿ. ಕೂಡ್ರಿ," ಎಂದರು ಇನ್‌ಸ್ಪೆಕ್ಟರ್ ಸೂರ್ಯಕಾಂತ. ಬೀದರಿನ ಮನೆತನ, ಹುಟ್ಟಿ ಬೆಳೆದದ್ದು ಇದೇ ನಗರದ ಕೋಠಿಯಲ್ಲಿ. ದರ್ಪದ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು.

ಎಫ್‌ಐಆರ್ ದಾಖಲಿಸಿ ಹನ್ನೊಂದೂವರೆಗೆ ಸ್ಥಳಕ್ಕೆ ಹೋದರು. ಉಗ್ರಾಣದ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಬಳಿ: ಜನಾರ್ದನ, ಸಂಶೋಧಕ ಅರವಿಂದ್, ಅಟೆಂಡರ್ ಮೌನಪ್ಪ.

"ಅರವಿಂದನೇ. ಮೊನ್ನೆ ನನ್ನ ಮೇಲೆ ಹರಿಹಾಯ್ದ," ಎಂದರು ಜನಾರ್ದನ.

ಮೈಸೂರಿನ ಹುಡುಗ ಅರವಿಂದ್ ಕೆಂಪಾದ. "ಕೊಯ್ಯದೆಯೂ ಪರೀಕ್ಷೆ ಮಾಡಬಹುದು ಅಂದೆ ಸಾರ್. ಕಳ್ಳ ಅನ್ನಿಸಿಕೊಳ್ಳೋಕೆ ಅಷ್ಟು ಸಾಕಾ?"

ಅಷ್ಟರಲ್ಲಿ ಪೇದೆ ರಾಮದಾಸ ಖಾಲಿ ಟ್ರೇಯನ್ನು ಬೆಳಕಿಗೆ ಹಿಡಿದ. ಕೊಡಲಿ ಕೂತಿದ್ದ ಗುಳಿಯಲ್ಲಿ ನಾಲ್ಕು ಹಳದಿ ಅಕ್ಕಿಕಾಳು.

"ಇಲಿ ತಂದಿರಬೇಕು," ಎಂದರು ಜನಾರ್ದನ.

"ಇಲಿ ಅಕ್ಕಿ ತಿಂತೈತಿ ಡಾಕ್ಟ್ರೇ, ಅರಿಶಿಣ ಹಚ್ಚಂಗಿಲ್ಲ," ಎಂದರು ಸೂರ್ಯಕಾಂತ.

ಅವರಿಗೆ ಅವ್ವನ ನೆನಪಾಯಿತು. ಜಗುಲಿ ತೊಳೆಯಲು ದೇವರನ್ನು ಎತ್ತುವಾಗ, ಪೀಠ ಬರಿದಾಗಬಾರದೆಂದು ಆಕೆ ಅಲ್ಲಿ ಅಕ್ಷತೆ ಇಟ್ಟೇ ಎತ್ತುತ್ತಿದ್ದಳು. ಕದ್ದವನಿಗೆ ಅದು ಕಲ್ಲಾಗಿರಲಿಲ್ಲ. ಅವರು ಮೌನಪ್ಪನನ್ನು ಕರೆಸಿದರು. ಐವತ್ತು ದಾಟಿದ ಆಳು.

"ಯಾವೂರು?"

"ಇವರು ಅಗದು ಹಾಳು ಮಾಡಿದ್ರಲ್ಲ, ಅದ ಊರು."

"ಕಲ್ಲು ಎಲ್ಲೈತಿ?"

"ನಾ ಯಾವ ಕಲ್ಲೂ ಮುಟ್ಟಿಲ್ಲ."

"ನಿಮ್ಮ ದೇವರನ್ನ ಮುಟ್ಟಿಲ್ಲಂತ ಆಣೆ ಮಾಡು."

ಮೌನಪ್ಪ ಮುಖ ತಿರುಗಿಸಿದ. ಎಷ್ಟು ಕೇಳಿದರೂ ಆಣೆ ಮಾಡಲಿಲ್ಲ.

ಮಧ್ಯಾಹ್ನ ಮೂರೂ ನಲವತ್ತಕ್ಕೆ ಮೆಹದಿಪಟ್ಟಣಂನ ಅವನ ಕೋಣೆಯಲ್ಲಿ, ಇಬ್ಬರು ಪಂಚರ ಸಮಕ್ಷಮ, ಕೊಡಲಿ ಸಿಕ್ಕಿತು. ಗೂಡಿನಲ್ಲಿ ದೀಪದ ಮುಂದೆ ಎಣ್ಣೆ, ಕುಂಕುಮ ಹಚ್ಚಿಕೊಂಡು ಕೂತಿತ್ತು. ಗುರುತಿಸಲು ಬಂದ ಜನಾರ್ದನ ಹಲ್ಲು ಕಡಿದರು.

"ಎಣ್ಣೆ ಸುರಿದು ಏಳು ತಿಂಗಳ ಕೆಲಸ ಮಣ್ಣುಪಾಲು ಮಾಡಿದೆಯಲ್ಲೋ, ಮೂರ್ಖ."

"ನಿಮ್ಮ ಗರಗಸಕ್ಕಿಂತ ಎಣ್ಣಿ ಮೆತ್ತಗೈತ್ರಿ. ಬೇವಿನ ಕಟ್ಟಿ ಮ್ಯಾಲಿನ ತಾಯೀನ ಎತಗೊಂಡು ಬರುವಾಗ, ನೋಡಿ ತಿರುಗಿ ಕೊಡ್ತೀವಂದ್ರಿ. ತುಂಡು ಮಾಡಿ ಕೊಡ್ತೀವಂದಿದ್ದಿಲ್ಲ."

"ನೀನು ಜೈಲಿಗೆ ಹೋಗು. ನಾನು ಒರೆಸಿಕೊಂಡು ಸೋಮವಾರವೇ ಕೊಯ್ಯುತ್ತೇನೆ."

"ಆಗಂಗಿಲ್ರಿ," ಎಂದರು ಸೂರ್ಯಕಾಂತ. "ಇದು ಈಗ ಜಪ್ತಿ ಮಾಲು. ಕೋರ್ಟಿನ ಹುಕುಂ ಬರೋತನಕ ಇದರ ಮೊಹರು ಯಾರೂ ಒಡೆಯಂಗಿಲ್ಲ."

ಪಂಚನಾಮೆಗೆ ಅಳತೆ ಹಿಡಿಯುವಾಗ ಕಲ್ಲಿನ ಒಂದು ಬದಿಯಲ್ಲಿ ನುಣ್ಣನೆಯ ತಗ್ಗು ಕಂಡಿತು. ಕೊಯ್ಯಬೇಕಾದ ಜಾಗಕ್ಕೆ ಎಳೆದ ಬಿಳಿ ಗೆರೆ ಸರಿಯಾಗಿ ಅದರ ನಡುವೆ ಹಾದಿತ್ತು.

"ಇದೇನು?" ಎಂದರು ಸೂರ್ಯಕಾಂತ.

"ಊರ ಹೆಣ್ಮಕ್ಕಳು ಅರಿಶಿಣ ತಿಕ್ಕಿ ತಿಕ್ಕಿ ಬಿದ್ದ ತಗ್ಗುರಿ." ಮೌನಪ್ಪನ ದನಿ ಮೊದಲ ಸಲ ಇಳಿಯಿತು. "ನನ್ನ ಹೆಂಡ್ತಿ ಪಾರ್ವತೆಮ್ಮನೂ ತಿಕ್ಕಿದಾಕಿ, ಇಪ್ಪತ್ತಾರು ವರ್ಷ. ತೀರಿಹೋಗಿ ಎರಡು ವರ್ಷಾತು. ಆಕೀದೊಂದು ಫೋಟೋ ಸುದ್ದಾ ನನ್ನ ಹತ್ರ ಇಲ್ಲ."

ಐದು ಗಂಟೆ ಹತ್ತು ನಿಮಿಷಕ್ಕೆ ಬಂಧನ ದಾಖಲಾಯಿತು. ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿ ರಾಮದಾಸ ಅರಗು ಕರಗಿಸಿದ. ಮೊಹರು ಒತ್ತಿ ಅರಗು ಆರುವವರೆಗೂ ಮೌನಪ್ಪ ಕಣ್ಣು ಕೀಳದೆ ನೋಡಿದ. ಆಮೇಲೆ ಯಾರೂ ತಳ್ಳುವ ಮೊದಲೇ ಹೋಗಿ ಜೀಪು ಹತ್ತಿದ.