ನಾಲ್ಕು ರೊಟ್ಟಿಯ ಉಪವಾಸ

ಪುಟ್ಟ ಗೌರವ್ವನ ಬಾಯಿಯಲ್ಲಿ ಬೆಲ್ಲದ ಹೆಂಟೆ ಇತ್ತು. ಸಣ್ಣದೇನಲ್ಲ. ಒಂದು ಕೆನ್ನೆ ಉಬ್ಬಿ, ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದಳು.

ಮಠದ ಹಿಂದಿನ ಗೋಡೆಯ ಆಚೆ ಯಾರೋ ಬಂದು ಕುಳಿತ ಸದ್ದಾಯಿತು. ಅವಳು ಚೀಪುವುದನ್ನು ನಿಲ್ಲಿಸಿದಳು.

ಅಂದು ಸೋಮವಾರ. ಅವಳ ಶಾಲೆಗೆ ಮಧ್ಯಾಹ್ನದ ಊಟದ ಸುಟ್ಟಿ ಆಗಿತ್ತು. ಗೌರವ್ವನದು ಸೋಮವಾರ ಕಟ್ಟುನಿಟ್ಟಿನ ಉಪವಾಸವೆಂದು ಇಡೀ ಓಣಿಗೆ ಗೊತ್ತು. ಓಣಿಗೆ ಹೇಗೆ ಗೊತ್ತಾಯಿತೆಂದರೆ, ಗೌರವ್ವನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಬೆಲ್ಲದ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಬೆಲ್ಲವೇನು ಊಟವೇ? ಕರಗುತ್ತದೆ. ಕರಗಿದ್ದು ನೀರಿನ ಹಾಗೆ. ನೀರು ಕುಡಿದರೆ ಉಪವಾಸ ಕೆಡುವುದಿಲ್ಲ. ಈ ಶಾಸ್ತ್ರವನ್ನು ಅವಳು ತನಗಾಗಿ ತಾನೇ ಮಾಡಿಕೊಂಡಿದ್ದಳು.

ಉಪವಾಸ ಹಿಡಿಯಲು ಕಾರಣ ಅಮೋಗಸಿದ್ದ.

ಅವನು ಮಾಡಗ್ಯಾಳದಲ್ಲಿ ಕುರಿ ಕಾಯುವ ಲಗಮಣ್ಣನ ಮಗ. ಗೌರವ್ವನ ಊರಾದ ಜತ್ತದ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದ. ಮಲಗುವುದು ಮಠದ ಪಡಸಾಲೆಯಲ್ಲಿ. ಊಟ ವಾರಾನ್ನ, ಎಂದರೆ ದಿನಕ್ಕೊಂದು ಮನೆ. ಬಡವರ ಹುಡುಗರು ಹಾಗೆ ಉಂಡು ಓದುತ್ತಿದ್ದ ಕಾಲ ಅದು. ಊರವರು ವಾರ ಹಂಚಿಕೊಂಡಾಗ ಗೌರವ್ವನ ಅಪ್ಪ, ಕಿರಾಣಿ ಅಂಗಡಿಯ ಮುರಗೆಪ್ಪ, ಎಲ್ಲರಿಗಿಂತ ತಡವಾಗಿ ಹೋದ. ಉಳಿದದ್ದು ಸೋಮವಾರ ಒಂದೇ. "ಶಿವನ ವಾರನ ನಮ್ಮ ಪಾಲಿಗಿ ಬಂತು!" ಎಂದು ಹಿಗ್ಗುತ್ತ ಮನೆಗೆ ಬಂದ.

ಸೋಮವಾರ ಆ ಮನೆಯಲ್ಲಿ ಎಲ್ಲರದೂ ಒಪ್ಪತ್ತು. ಸಂಜೆ ಪೂಜೆಯಾದ ಮೇಲೆಯೇ ಊಟ. ಹಗಲು ಒಲೆ ಹೊತ್ತುತ್ತಿದ್ದದ್ದು ಗೌರವ್ವನ ರೊಟ್ಟಿಗಾಗಿ ಮಾತ್ರ, ಅದೂ ಬೆಳಿಗ್ಗೆ.

ಮೊದಲ ಸೋಮವಾರ ಅಮೋಗಸಿದ್ದ ನಡುಮಧ್ಯಾಹ್ನ ಬಂದು ನಿಂತಾಗ ಒಲೆ ತಣ್ಣಗಿತ್ತು. ಗೌರವ್ವನ ಅವ್ವ ಸಿದ್ದವ್ವ ಗಡಿಬಿಡಿಸಿ ಎದ್ದಳು. "ನಮ್ಮದೆಲ್ಲಾ ಒಪ್ಪತ್ತಪಾ. ತಡಿ, ನಿನಗ ಎರಡು ರೊಟ್ಟಿ ಬಡೀತೀನಿ."

"ಬ್ಯಾಡ್ರಿ ಅವ್ವಾರ. ನಂದೂ ಸೋಮಾರ ಒಪ್ಪತ್ತ ಐತ್ರಿ. ಸಂಜಿಗೇ ಬರತೀನಿ" ಅಂದ ಹುಡುಗ.

ಅವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ನೋಡ ಗೌರೀ, ಇದು ಭಕ್ತಿ! ನಿನಗ ಹೊತ್ತ ಏರೂದರಾಗ ರೊಟ್ಟಿ ಬೇಕು."

ಗೌರವ್ವನಿಗೆ ರೋಷ ಬಂತು. "ನಂದೂ ಒಪ್ಪತ್ತು! ನಾಳಿಂದನ!" ಅಂದಳು. ನಾಳೆ ಮಂಗಳವಾರವೆಂದು ಅವ್ವ ನಕ್ಕ ಮೇಲೆ, ಮುಂದಿನ ಸೋಮವಾರದಿಂದ ಎಂದು ತಿದ್ದಿಕೊಂಡಳು. ಅಂದಿನಿಂದ ಬೆಳಗಿನ ಒಲೆಯೂ ಹೊತ್ತಲಿಲ್ಲ. ಅಂದಿನಿಂದಲೇ ಅಪ್ಪನ ಅಂಗಡಿಯ ಬೆಲ್ಲವೂ ಕರಗತೊಡಗಿತು.

ಈಗ ಅವಳು ಗೋಡೆಯ ಸಂದಿಯಲ್ಲಿ ಇಣುಕಿದಳು. ಆಚೆ ಅಮೋಗಸಿದ್ದ! ಪಕ್ಕದಲ್ಲಿ ಕಂಬಳಿ ಹೊದ್ದ ಲಗಮಣ್ಣ. ನಡುವೆ ಬಿಚ್ಚಿದ ಬುತ್ತಿ. ಹುಡುಗ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಗಬಗಬ ತಿನ್ನುತ್ತಿದ್ದ.

ಕಳ್ಳ ಸಿಕ್ಕ! ಗೌರವ್ವ ಮನಸ್ಸಿನಲ್ಲೇ ಕುಣಿದಳು. 'ಅಣ್ಣಾ, ಇದೇನ ನಿನ್ನ ಭಕ್ತಿ?' ಎಂದು ಕೂಗಲು ಬಾಯಿ ತೆರೆದಳು. ಆದರೆ ಬಾಯಿಯಲ್ಲಿ ಮಾತಿಗೆ ಜಾಗವಿರಲಿಲ್ಲ. ಬೆಲ್ಲ ಇತ್ತು.

"ಸಾವಕಾಶ ಉಣ್ಣೋ ತಮ್ಮಾ, ರೊಟ್ಟಿ ಓಡಿ ಹೋಗೂದಿಲ್ಲ" ಎಂದ ಲಗಮಣ್ಣ. "ಊರಾಗ ಊಟಾ ಹಾಕ್ತಾರಿಲ್ಲೋ?"

"ಚಲೋ ಹಾಕ್ತಾರಪಾ. ಸೋಮಾರ ಹಗಲ ಅಷ್ಟ ಇಲ್ಲ. ಆ ಮನ್ಯಾಗ ಎಲ್ಲಾರೂ ಒಪ್ಪತ್ತ ಇರತಾರ. ನಂದೂ ಒಪ್ಪತ್ತು ಅಂದೇನಿ."

"ನಮ್ಮ ಮನ್ಯಾಗ ಯಾರ ಮಾಡ್ಯಾರೋ ಒಪ್ಪತ್ತು? ಸುಳ್ಳ ಹೇಳಿದಿ?"

"ಮನಿ ಮಂದಿಯೆಲ್ಲಾ ಉಪಾಸ ಇದ್ದಾಗ ನನಗೊಬ್ಬನಿಗೆ ರೊಟ್ಟಿ ಬಡೀರಿ ಅಂತ ಹೆಂಗ ಅನ್ನಲಿ? ನೀರ ಕುಡದ ಸಾಲಿಗಿ ಹೋಗತೀನಿ. ಆದರ ಮಧ್ಯಾಹ್ನ ಬೋರ್ಡ್ ಮ್ಯಾಲಿನ ಅಕ್ಷರ ಕುಣೀತಾವು. ಹೋದ ಸೋಮಾರ ನಿದ್ದಿನ ಹತ್ತಿಬಿಟ್ಟಿತು. ಮಾಸ್ತರು ಭಾಳ ಬೈದ್ರು."

"ಬರೋ ಸೋಮಾರ ದೊಡ್ಡ ಪೇಪರ್ ಐತಿ ಅಂದ್ಯಲ್ಲೋ?"

"ಹೂಂ. ಸೈನ್ಸ್. ಮಧ್ಯಾಹ್ನನ."

ಲಗಮಣ್ಣ ಉಳಿದ ರೊಟ್ಟಿಯನ್ನು ಮಗನ ಕಡೆ ಸರಿಸಿದ. "ನಾಳಿಗಿ ಕುರಿ ಹೊಡಕೊಂಡ ದೂರ ಹೊಂಟೀನಿ. ಇಲ್ಲಾಂದ್ರ ಬುತ್ತಿ ತರತಿದ್ದೆ" ಅಂದ.

ಗೌರವ್ವ ಬೆಲ್ಲವನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹಾಗೆಯೇ ಉಬ್ಬಿದ ಕೆನ್ನೆಯಲ್ಲಿ ಸಾಲಿಗೆ ಹೋದಳು.

ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಅಮೋಗಸಿದ್ದನನ್ನು ಕೇಳಿದ, "ಅಲ್ಲೋ ತಮ್ಮಾ, ಡಾಕ್ಟರ್ ಆಗೂ ದಾರಿ ಹೆಂಗೈತಿ?"

"ಮ್ಯಾಟ್ರಿಕ್ ಚಲೋ ಮಾರ್ಕ್ಸ್ ಮ್ಯಾಲೆ ಪಾಸಾಗಬೇಕ್ರಿ ಸಾವ್ಕಾರ್ರ. ಆಮ್ಯಾಲ ಸಾಂಗಲಿ ಕಾಲೇಜಿನ್ಯಾಗ ಎರಡ ವರ್ಷ ಸೈನ್ಸ್. ಅಲ್ಲಿ ಮುಂದ ಬಂದ್ರ ಪುಣೆದಾಗ ಡಾಕ್ಟರಕಿ ಸೀಟ್."

"ಅಂದ್ರ ಜತ್ತದಾಗ ಮೋಟಾರ್ ಹತ್ತಿ, ಸಾಂಗಲ್ಯಾಗ ಬದಲಿ ಮಾಡಿ, ಪುಣೆದಾಗ ಇಳಿಯೂದು!"

"ಹೌದ್ರಿ. ಟಿಕೀಟ್ ಮಾತ್ರ ಮಾರ್ಕ್ಸಿಂದು" ಎಂದು ಹುಡುಗ ನಕ್ಕ. "ಬರೋ ಸೋಮಾರದ ಪೇಪರ್ ಚಲೋ ಬರದ್ರ ಹೆಡ್ ಮಾಸ್ತರು ನನ್ನ ಸಲುವಾಗಿ ಸಾಂಗಲ್ಯಾಗ ಮಾತಾಡ್ತಾರಂತ್ರಿ. ಫೀ ಮಾಫಿ, ಹಾಸ್ಟೆಲಿನ್ಯಾಗ ಊಟ ಪುಕಟ. ಇಲ್ಲಾಂದ್ರ ನಾನೂ ನಮ್ಮಪ್ಪನ ಹಿಂದ ಕುರಿ ಕಾಯೂದ್ರಿ."

"ನಿಮ್ಮ ಊರಾಗ ಡಾಕ್ಟರ್ ಇಲ್ಲೇನ ಅಣ್ಣಾ?" ಗೌರವ್ವ ಕೇಳಿದಳು.

"ಕುರಿಗಿ ಔಷಧ ಹಾಕಾವ್ರು ಭಾಳ ಮಂದಿ ಅದಾರ ತಂಗಿ. ಮನಷ್ಯಾರಿಗಿ ಹಾಕಾವ್ರ ಯಾರೂ ಇಲ್ಲ."

ಅವ್ವ ಅನ್ನ ಬಡಿಸುತ್ತ, "ಶಿವ ಅದಾನಪಾ. ನೀ ಹಿಡಿದ ಒಪ್ಪತ್ತ ಬಿಡಬ್ಯಾಡ. ಅದ ನಿನ್ನ ಪಾಸ್ ಮಾಡಸ್ತೈತಿ" ಅಂದಳು.

ಅಮೋಗಸಿದ್ದ ತಟ್ಟೆ ನೋಡಿದ. ಗೌರವ್ವನಿಗೆ ಕೆಮ್ಮು ಬಂತು.

ಆ ವಾರವೆಲ್ಲ ಅವಳು ಯೋಚಿಸಿದಳು. ಅವ್ವನಿಗೆ ಹೇಳಿಬಿಡಲೇ? ಹೇಳಿದರೆ ಅವನ ಸುಳ್ಳು ಬಯಲಾಗುತ್ತದೆ. ನಾಚಿ ಈ ಮನೆಗೆ ಬರುವುದನ್ನೇ ಬಿಟ್ಟಾನು. ಹೇಳದೆ ಒಲೆ ಹೊತ್ತಿಸುವುದು ಹೇಗೆ? ಹಾಗೆ ನೋಡಿದರೆ ಸೋಮವಾರ ಬೆಳಿಗ್ಗೆ ಈ ಮನೆಯಲ್ಲಿ ಒಂದು ಒಲೆ ಹೊತ್ತುತ್ತಲೇ ಇತ್ತು. ಅದನ್ನು ಆರಿಸಿದವರು ಯಾರು? ಮಹಾ ಶರಣಿ ಗೌರವ್ವ!

ಅದನ್ನು ಮತ್ತೆ ಹೊತ್ತಿಸಬೇಕಾದರೆ ಊರೆಲ್ಲ ಸಾರಿ ಬಂದ ವ್ರತವನ್ನು ಊರೆದುರೇ ಬಿಡಬೇಕು. "ಶಿವನೇ, ಬ್ಯಾರೆ ಉಪಾಯ ಇದ್ರ ಹೇಳು" ಎಂದು ದೇವರಮನೆಯಲ್ಲಿ ಕೇಳಿದಳು. ದೀಪ ಉರಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಅವ್ವ ಅಂಗಳ ಸಾರಿಸುತ್ತಿದ್ದಳು. ಪಕ್ಕದ ಮನೆಯ ಇಂದುಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇರಲಿಲ್ಲ. ಆದರೆ ಸಾಲಿಗೆ ಹೊತ್ತಾಗುತ್ತಿತ್ತು.

"ಅವ್ವಾ, ನನಗ ರೊಟ್ಟಿ ಬೇಕು."

"ಒಪ್ಪತ್ತು?"

"ಆಗವಲ್ದು. ಹಸಿವಿ ಆಗತೈತಿ."

"ಅಗಬಾಯಿ!" ಇಂದುಬಾಯಿ ಕೈ ತಟ್ಟಿ ನಕ್ಕಳು. "ನಮ್ಮ ಶರಣವ್ವ ಕೈಲಾಸದ ಅರ್ಧಾ ದಾರ್‍ಯಾಗ ಇಳದ್ಲಲ್ರಿ!"

ಅವ್ವನೂ ನಕ್ಕಳು. "ಹೋಗಲಿ ಬಿಡ್ರಿ, ಕೂಸು. ಒಂದ ರೊಟ್ಟಿ ಸಾಕೇನ?"

"ನಾಕು. ಸಾಲ್ಯಾಗ ಉಣ್ಣತೀನಿ, ಕಟ್ಟಿಕೊಡು."

"ನಾಕಾ?"

ಮುಖ ಬೆಂಕಿಯಾಗಿತ್ತು. ಆದರೂ ಗೌರವ್ವ ತಲೆಯೆತ್ತಿ, "ಇಷ್ಟ ಸೋಮಾರದ ಹಸಿವಿ ಕೂಡಿಬಿದ್ದೈತಿ" ಅಂದಳು.

ಇಂದುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಒಲೆ ಹೊತ್ತಿತು.

ಮಧ್ಯಾಹ್ನ ಅಮೋಗಸಿದ್ದ ಮಠದ ಹಿಂದೆ ಪುಸ್ತಕ ಹಿಡಿದು ಕುಳಿತಿದ್ದ. ಗೌರವ್ವ ಬುತ್ತಿಯನ್ನು ಅವನ ಮುಂದಿಟ್ಟಳು.

"ಏನ ತಂಗಿ ಇದು? ನಂದ ಒಪ್ಪತ್ತಲ್ಲ?"

"ನಂದೂ ಒಪ್ಪತ್ತ ಇತ್ತು. ಬೆಲ್ಲದ ಒಪ್ಪತ್ತು" ಅಂದಳು. "ನಿಂದು ನೀರಿಂದು. ನಾ ಕೇಳೇನಿ. ಯಾರಿಗೂ ಹೇಳಿಲ್ಲ. ಲಗೂನ ಉಣ್ಣು, ಗಂಟಿ ಬಾರಿಸ್ತಾರ."

ಅವನು ಪುಸ್ತಕ ಮುಚ್ಚಿ ಬದಿಗಿಟ್ಟ. "ನಿಂದ ಊಟಾ?"

"ಮನ್ಯಾಗ ಆತು" ಎಂದು ಓಡಿದಳು.

ಆಗಿರಲಿಲ್ಲ. ಕಟ್ಟಿಸಿಕೊಳ್ಳುವ ಅವಸರದಲ್ಲಿ ತನಗೊಂದು ಬೇಕೆನ್ನುವುದೇ ಮರೆತುಹೋಗಿತ್ತು. ಮಧ್ಯಾಹ್ನವಿಡೀ ಹೊಟ್ಟೆ ಗುರುಗುಟ್ಟಿತು. ಲಂಗದ ಗಂಟಿನಲ್ಲಿ ಬೆಲ್ಲವಿತ್ತು. ಮುಟ್ಟಿ ಮುಟ್ಟಿ ನೋಡಿದಳು. ಬಿಚ್ಚಲಿಲ್ಲ. ಬೋರ್ಡಿನ ಮೇಲಿನ ಅಕ್ಷರಗಳು ನಿಜವಾಗಿಯೂ ಕುಣಿಯುತ್ತಿದ್ದವು.

ಮನೆಗೆ ಬರುವಾಗ ಓಣಿಯ ಹುಡುಗಿಯರು, "ನಾಕು ರೊಟ್ಟಿ ಶರಣಿ ಬಂದ್ಲು!" ಎಂದು ಕೂಗಿದರು. ಮೊದಲ ಸಲ ಖರೇ ಉಪವಾಸ ಮಾಡಿದ ದಿನವೇ ಹೊಟ್ಟೆಬಾಕಿ ಎಂಬ ಹೆಸರು ಬಂತಲ್ಲ! ಗೌರವ್ವನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಹುಡುಗಿಯರೇ ಸುಮ್ಮನಾದರು.

ಸಂಜೆ ಪೂಜೆಯಾಗಿ ಎಲ್ಲರೂ ಊಟಕ್ಕೆ ಕುಳಿತರು. "ಪೇಪರ್ ಹೆಂಗಾತೋ?" ಅಪ್ಪ ಕೇಳಿದ.

"ಚಲೋ ಆತ್ರಿ. ಎಲ್ಲಾ ಬರದೇನಿ. ನಿದ್ದಿ ಬರಲಿಲ್ರಿ."

"ಪೇಪರಿನ್ಯಾಗ ಯಾರರೆ ನಿದ್ದಿ ಮಾಡ್ತಾರೇನೋ!"

ಅಮೋಗಸಿದ್ದ ಅಂದು ನಿಧಾನವಾಗಿ, ಮಾತಾಡುತ್ತ ಉಂಡ. ಗೌರವ್ವ ತಲೆಯೆತ್ತದೆ ಉಣ್ಣುತ್ತಿದ್ದಳು. ಮತ್ತೆ ಅನ್ನ ಬೇಡಿದಳು. ಮತ್ತೊಮ್ಮೆ ಬೇಡಿದಳು.

"ಮಧ್ಯಾಹ್ನ ನಾಕ ರೊಟ್ಟಿ ತಿಂದಾಕಿ ನೀ..." ಎಂದು ಶುರುಮಾಡಿದ ಅವ್ವ ಅಲ್ಲಿಗೇ ನಿಂತಳು. ಮಗಳ ತಟ್ಟೆ ನೋಡಿದಳು. ಹುಡುಗನ ತಟ್ಟೆ ನೋಡಿದಳು. ಇಬ್ಬರಿಗೂ ತುಪ್ಪ ಬಡಿಸಿದಳು.

ಹುಡುಗ ಮಠಕ್ಕೆ ಹೋದ ಮೇಲೆ ಅವ್ವ ಬುತ್ತಿಯ ಅರಿವೆ ಹಿಂಡಿ ಒಣಹಾಕಿದಳು.

"ಬರೋ ಸೋಮಾರನೂ ನಾಕ ರೊಟ್ಟಿ ಬೇಕೇನ ಗೌರೀ?"

"ಹೂಂ, ಅವ್ವಾ."

"ಐದ ಬಡೀತೀನಿ" ಎಂದಳು ಅವ್ವ, ತಿರುಗಿ ನೋಡದೆ, ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತ. "ಐದನೇದ್ದು ನೀ ತಿನ್ನು."

ಗೌರವ್ವ ಅವ್ವನ ಬೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ಲಂಗದ ಗಂಟು ಬಿಚ್ಚಿ, ಹೆಂಟೆಯನ್ನು ಸದ್ದಾಗದಂತೆ ಬೆಲ್ಲದ ಗಡಿಗೆಗೆ ಹಾಕಿದಳು. ಬೆರಳಿಗೆ ಅಂಟಿದ್ದನ್ನು ಮಾತ್ರ ನೆಕ್ಕಿದಳು. ಪೂಜೆಯಾಗಿತ್ತು, ಊಟವಾಗಿತ್ತು. ಈಗ ಅದಕ್ಕೆ ಯಾವ ಶಾಸ್ತ್ರವೂ ಬೇಕಿರಲಿಲ್ಲ.