ಬಿಸಿಲಿಗಿಟ್ಟ ಬಾಟಲಿ

"ಮೆಣಸಿನಕಾಯಿ ಇಡೋ ಜಾಗದಾಗ ಶೆರೆ ಬಾಟಲಿನಾ? ನಿಮಗ ತಲಿ ಐತೇನ್ರಿ?!"

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕಿ ಮಹೇಶ್ವರಿ, ಒಂದು ಬಾಟಲಿ ಇಡಲು ಜಾಗ ಕೇಳಿ ಬಂದ ಮೈಲೇಶನ ಜೊತೆ ಆಡಿದ ಮೊದಲ ಮಾತು ಇದು. ಹಡಗಿನಲ್ಲಿ ಪ್ರವಾಸಿಗರಿಗೆ ವೈನ್ ಬಡಿಸುತ್ತಿದ್ದ ಅವನು ಈಗ ರಾಣೇಬೆನ್ನೂರಿನಲ್ಲಿ ಖಾನಾವಳಿ ನಡೆಸುತ್ತಿದ್ದ.

"ಫ್ರಾನ್ಸಿನ ಕೆಂಪು ವೈನ್ ರೀ. ಕತ್ತಲು, ತಂಪು ಇದ್ರ ಇಟ್ಟಷ್ಟೂ ರುಚಿ ಏರತೈತಿ. ಎರಡು ಮೂರು ಜಾತಿ ದ್ರಾಕ್ಷಿ ಕೂಡಿಸಿ ಮಾಡಿದ್ದು."

"ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು ಕೂಡಿಸಿದಂಗ?"

ಅವನು ಬೆರಗಾಗಿ ನಕ್ಕ. ಗಟ್ಟಿಗಿತ್ತಿ ಎಂದು ಪೇಟೆಯೆಲ್ಲ ಹೆದರುತ್ತಿದ್ದ ಹೆಣ್ಣು ಆ ನಗುವಿಗೆ ಸೋತು, ಕೋಣೆಯ ಮೂಲೆಯಲ್ಲಿ ಜಾಗ ಕೊಟ್ಟೇಬಿಟ್ಟಳು!

ಅಪ್ಪ ಅವ್ವ ತೀರಿಕೊಂಡ ಮೇಲೆ ಅವಳ ಫೋನಿಗೆ ಬರುತ್ತಿದ್ದುದು ಮೆಣಸಿನಕಾಯಿ ದರ ಕೇಳುವವರ ಕರೆ ಮಾತ್ರ. ಮೈಲೇಶ ವಾರಕ್ಕೊಮ್ಮೆ ಬಂದು ಬಾಟಲಿ ನೋಡುತ್ತಿದ್ದ, ಹೊರಡುವಾಗ "ಆರಾಮ ಅದೀರಿಲ್ಲೋ?" ಎನ್ನುತ್ತಿದ್ದ. ಅಷ್ಟು ಕೇಳಿಸಿಕೊಳ್ಳಲು ಅವಳು ವಾರವಿಡೀ ಕಾಯುತ್ತಿದ್ದಳು... ಹುಚ್ಚಿ!

ಸುಗ್ಗಿಗೆ ಮುಂಚೆ ಕೋಣೆ ತೊಳೆಯಲು ಹಳೆಯ ಚೀಲಗಳನ್ನೆಲ್ಲ ಹೊರತೆಗೆದರು. ತಂಪಿನಿಂದ ಬಂದ ಕಾಯಿ ಬೆವರುತ್ತದೆ, ಬಿಸಿಲಿಗೆ ಹರವದಿದ್ದರೆ ಬೂಷ್ಟು ಹಿಡಿಯುತ್ತದೆ. ಬಾಟಲಿಯೂ ಬೆವರಿತು. ಮಹೇಶ್ವರಿ ಅದನ್ನು ಬೇರೆಯವರ ಕೈಗೆ ಕೊಡದೆ, ತನ್ನ ಸೆರಗಿನಿಂದ ಒರೆಸಿ, ಅಂಗಳದ ಮೆಣಸಿನಕಾಯಿ ನಡುವೆ ಮಲಗಿಸಿದಳು.

ಮಧ್ಯಾಹ್ನ ಮೈಲೇಶ ಬಂದ. ಬಾಟಲಿ ಮುಟ್ಟಿ ನೋಡಿದ. ಕಾದಿತ್ತು! ಅವನ ಮುಖ ಬಾಡಿತು. ಅದನ್ನು ಎತ್ತಿಕೊಂಡು ಸರಸರನೆ ಹೋದವನು ಮತ್ತೆ ಬರಲೇ ಇಲ್ಲ.

'ಏನು ಕೆಡಿಸಿದೆ ನಾನು? ನನ್ನ ಕೈಗೆ ಒಳ್ಳೆಯದು ಯಾವುದೂ ನಿಲ್ಲುವುದಿಲ್ಲ...' ವಾರವಿಡೀ ಅವಳು ಬಾಗಿಲ ಕಡೆ ನೋಡಿದಳು. ಕೊನೆಗೆ ನಾಚಿಕೆ ಬದಿಗಿಟ್ಟು ರಾಣೇಬೆನ್ನೂರಿನ ಬಸ್ಸು ಹತ್ತಿದಳು.

ಊಟದ ಹೊತ್ತು ಮುಗಿದು ಖಾನಾವಳಿ ಖಾಲಿಯಾಗಿತ್ತು. ಬಾಟಲಿಯ ಎದುರು ಮೈಲೇಶ ಒಬ್ಬನೇ ಕುಳಿತಿದ್ದ.

"ತಪ್ಪಾತ್ರಿ... ಬೆವತಿತ್ತು. ಕೆಟ್ಟೀತು ಅಂತ ಬಿಸಿಲಿಗೆ ಇಟ್ಟೆ. ನಾವು ಜೋಪಾನ ಮಾಡೋದ ಹಂಗ."

ಅವನು ತಟ್ಟನೆ ತಲೆಯೆತ್ತಿದ. "ಜೋಪಾನಕ್ಕ ಇಟ್ರಾ?! ನಾ... ಬ್ಯಾಸರಾಗಿ ಹೊರಗ ಎಸದೀರಿ ಅನ್ಕೊಂಡೆ. ನಿಮ್ಮನ್ನ ಒಂದು ಮಾತು ಕೇಳಾಕ ಬಂದಿದ್ದೆ ಅವತ್ತು. ಕೇಳೂದಕ್ಕಿಂತ ಮೊದಲ ಉತ್ತರ ಸಿಕ್ಕಿತು ಅಂತ ತಿರುಗಿ ಬಂದೆ."

ಅವಳ ಕಣ್ಣು ತುಂಬಿತು. ಇಬ್ಬರೂ ಎಂಥ ದಡ್ಡರು!

ಅವನು ಬಿರಡೆ ತೆಗೆದು ಎರಡು ಲೋಟಕ್ಕೆ ಬಗ್ಗಿಸಿದ. ಅವಳು ಮೂಸಿ ಮೂಗು ಮುರಿದಳು.

"ಹಣ್ಣು ಕುದಿಸಿದ ವಾಸನಿ."

"ಬಿಸಿಲು ಬಡದೈತಿ. ತಡೀರಿ, ಗಾಳಿ ಆಡಲಿ."

ಕಾದರು. ಈ ಸಲ ಅವಳು ಒಂದು ಗುಟುಕು ಕುಡಿದಳು. ಮೊದಲು ನೇರಳೆಹಣ್ಣಿನಂಥ ಒಗರು ನಾಲಿಗೆ ಹಿಡಿಯಿತು. ಆಮೇಲೆ ಹಳೆಯ ಕಟ್ಟಿಗೆ, ಚೂರು ತಂಬಾಕು... ಒಂದಾದ ಮೇಲೊಂದು ನಿಧಾನವಾಗಿ ಬಂದವು.

"ನುಂಗಿದ ಮ್ಯಾಲೂ ರುಚಿ ಹೋಗವಲ್ದು!"

"ಪೂರ್ತಿ ಕೆಟ್ಟಿಲ್ಲ, ಬದುಕೇತಿ." ಅವನು ತನ್ನ ಲೋಟ ತಿರುಗಿಸಿದ. "ಹಡಗಿನ್ಯಾಗ ಇಂಥವು ಬಹಳ ತೆರದೇನಿ. ಎಲ್ಲಾ ಬ್ಯಾರೆ ಜೋಡಿಗೋಳಿಗೆ. ನಾ ಗ್ವಾಡಿಗೆ ನಿಂತು ನೋಡಾವ. ಇದೊಂದು ನನಗಂತ ತಂದಿದ್ದೆ, ಒಬ್ಬನ ತೆರಿಯಾಕ ಮನಸ್ಸು ಬರಲಿಲ್ಲ."

ಮಹೇಶ್ವರಿ ಲೋಟ ಕೆಳಗಿಟ್ಟಳು. "ಇದು ಇವತ್ತ ಮುಗೀತೈತಿ. ಇನ್ನ ನಮ್ಮ ಕಡೆ ಏನು ನೋಡಾಕ ಬರ್ತೀರಿ?"

"ಬಾಟಲಿ ನೋಡಾಕ ನಾ ಯಾವತ್ತ ಬಂದಿದ್ದೆ, ಮಹೇಶ್ವರಿ?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಂಗಾರ ವಾರಕ್ಕೊಮ್ಮೆ ಬ್ಯಾಡ. ದಿನಾ ಬರ್ರಿ... ಒಬ್ಬಾಕಿ ಇದ್ದು ಇದ್ದು ಸಾಕಾಗೇತಿ ನನಗ."