ಅಂಟಿಸಿಟ್ಟ ಹಿಡಿ

ಆಸ್ಪತ್ರೆಯಿಂದ ಮನೆಗೆ ಬಂದ ಸೊಸೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವಳ ಬಲಗೈ ಮೊಣಕೈಯವರೆಗೂ ಬಿಳಿ ಪಟ್ಟಿಯೊಳಗೆ ಅಡಗಿತ್ತು. ಎದುರಿಗೆ, ಕಟ್ಟೆಯ ಮೇಲೆ, ಮೊದಲಿದ್ದ ಜಾಗದಲ್ಲೇ ಆ ಎಲೆಕ್ಟ್ರಿಕ್ ಕೆಟಲ್ ಫಳಫಳ ಹೊಳೆಯುತ್ತಿತ್ತು! ಅವಳ ಕೈಯನ್ನು ಸುಡುವ ಮುನ್ನ ಕಳಚಿಕೊಂಡಿದ್ದ ಹಿಡಿ, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಅದರ ಮೈಗೆ ಅಂಟಿಕೊಂಡಿತ್ತು.

“ಅತ್ತೆ… ಇದು…”

“ಎರಡು ಹೋಳಾಗಿ ಬಿದ್ದಿತ್ತು ಕಣೇ, ನೋಡೋಕಾಗ್ಲಿಲ್ಲ. ಅವತ್ತೇ ತಿಕ್ಕಿ ತೊಳೆದು ಅಂಟಿಸಿದೆ. ಈಗ ಆನೆ ಎಳೆದರೂ ಬಿಡಲ್ಲ,” ಎಂದಳು ಗೋಂದಮ್ಮ, ಸೊಸೆಯ ಮುಖ ನೋಡದೆ.

ಆ ಹೆಸರು ಬೀದಿಯವರು ಇಟ್ಟದ್ದು. ಗಂಡ ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು. ಅಂದಿನಿಂದ ಆ ಮನೆಯಲ್ಲಿ ಮುರಿದದ್ದನ್ನು ಎಸೆಯುವ ಮಾತೇ ಇರಲಿಲ್ಲ. ಕಪ್ಪಿನ ಕಿವಿ, ಚಪ್ಪಲಿಯ ಅಟ್ಟೆ, ಕನ್ನಡಕದ ಕಾಲು, ಎಲ್ಲಕ್ಕೂ ಅವಳ ಬಳಿ ಒಂದೊಂದು ಬಗೆಯ ಅಂಟು. ‘ಬಾಯಿಗೊಂದು ಬಿಟ್ಟು ಎಲ್ಲದಕ್ಕೂ ಗೋಂದು ಹಚ್ಚುತ್ತಾಳೆ’ ಎಂದು ಪಕ್ಕದ ಮನೆಯ ದರ್ಜಿ ನಗುತ್ತಿದ್ದ. ಆ ಬಾಯಿಯ ಬಿಸಿ ಹೆಚ್ಚಾಗಿ ತಾಗುತ್ತಿದ್ದದ್ದು ಸೊಸೆಗೇ. ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆಯುವುದು ಸೊಸೆಯ ಕೆಲಸ. ಕುಂಚ ಗೋಡೆಗೆ ತಾಗಿತೆಂದರೆ ಅಕ್ಷರ ಒಂದೇ ಉಸಿರಿನಲ್ಲಿ ಸುತ್ತಿ ಬಂದು ನಿಲ್ಲುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ಅತ್ತೆಗೆ ಮಾತ್ರ ಅವಳು ‘ಬೋರ್ಡಮ್ಮ’. ಸುಟ್ಟ ದಿನವೂ ಅಷ್ಟೇ. “ಕೈಗೆ ಬಣ್ಣ ಮೆತ್ತಿಕೊಂಡು ಕೆಟಲ್ ಎತ್ತಿದಳು, ಜಾರಿ ಬಿತ್ತು. ಎಚ್ಚರ ಅನ್ನೋದು ಹುಟ್ಟಿನಿಂದಲೇ ಇಲ್ಲ!” ಎಂದು ಅತ್ತೆ ಡಾಕ್ಟರಿಗೆ ಹೇಳಿದಳು, ದರ್ಜಿಗೆ ಹೇಳಿದಳು, ಹೆತ್ತ ಮಗನಿಗೂ ಹೇಳಿದಳು. ಸೊಸೆ ಒಮ್ಮೆಯೂ ಅಲ್ಲವೆನ್ನಲಿಲ್ಲ. ಆ ಮೌನ ಗೋಂದಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಪಟ್ಟಿ ಬಿಚ್ಚಿದಾಗ ಗಾಯ ಮಾಗಿತ್ತು, ಆದರೆ ಅಂಗೈಯ ಚರ್ಮ ದಿನದಿನಕ್ಕೆ ಬಿಗಿಯುತ್ತ ಬೆರಳುಗಳನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಬೇಗ ಶಸ್ತ್ರಚಿಕಿತ್ಸೆಯಾದರೆ ಬೆರಳು ಬಿಚ್ಚಿಕೊಳ್ಳಬಹುದು, ತಡವಾದರೆ ಹೀಗೇ ಗಟ್ಟಿಯಾಗುತ್ತದೆ ಎಂದರು ಡಾಕ್ಟರು. ಅದರ ಖರ್ಚು ಬಸ್ ಕಂಡಕ್ಟರನಾದ ಮಗನ ಕೈಗೆ ಎಟುಕುವಂಥದ್ದಲ್ಲ.

ಅಂಥದ್ದರಲ್ಲಿ ಒಂದು ಸಂಜೆ ಅವನು ಟೋಪಿಯನ್ನೂ ತೆಗೆಯದೆ ಒಳಗೆ ನುಗ್ಗಿದ.

“ಅಮ್ಮಾ! ಕೆಟಲ್ ತಂದ ಅಂಗಡಿ ಬಾಗಿಲಿಗೆ ನೋಟೀಸ್ ಹಾಕಿದ್ದಾರೆ! ಹಿಡಿ ಸಿಕ್ಕಿಸೋ ಪ್ಲಾಸ್ಟಿಕ್ಕು ಹಬೆಗೆ ಮೆತ್ತಗಾಗಿ ಕಳಚಿಕೊಳ್ಳುತ್ತಂತೆ. ಮಾರಿದ್ದನ್ನೆಲ್ಲ ಕಂಪನಿ ವಾಪಸ್ ಕರೆಸ್ತಿದೆ. ಇವಳ ತಪ್ಪೇ ಇಲ್ಲಮ್ಮ! ಕಂಪನಿನೇ ಆಪರೇಶನ್ ಖರ್ಚು ಕೊಡಬೇಕು!”

ಸೊಸೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು… ಗೋಂದಮ್ಮ ಕಟ್ಟೆಯ ಮೇಲಿದ್ದ ಕೆಟಲಿಗೆ ಬೆನ್ನು ಮಾಡಿ ನಿಂತಳು.

ಮೂವರೂ ವಕೀಲೆಯ ಬಳಿಗೆ ಹೋದರು. ಝೆರಾಕ್ಸ್ ಅಂಗಡಿಯ ಮಹಡಿಯ ಮೇಲಿನ ಕೋಣೆ, ಕೆಳಗಿನ ಯಂತ್ರದ ಸದ್ದಿಗೆ ಮೇಜು ನಡುಗುತ್ತಿತ್ತು.

“ಕೆಟಲ್ ಮುರಿದ ಹಾಗೇ ಇದೆ ತಾನೆ?” ಎಂದು ಆಕೆ ಕೇಳಿದಳು. “ಇಂಥದ್ದಾದಾಗ ಮೊದಲು ಚಿಕಿತ್ಸೆ. ಡಾಕ್ಟರಿಗೆ ನಡೆದದ್ದನ್ನ ನಡೆದ ಹಾಗೇ ಹೇಳಬೇಕು. ಆಮೇಲೆ ಆ ವಸ್ತುನ ತೊಳೀಬಾರದು, ರಿಪೇರಿ ಮಾಡಬಾರದು. ಫೋಟೊ ತೆಗೆದು, ರಸೀದಿ ಜೊತೆ ಎತ್ತಿಡಬೇಕು. ಕಂಪನಿಯವರು ಹೊಸದು ಕೊಡ್ತೀವಿ ಅಂದರೂ ಹಳೇದನ್ನ ಕೈಬಿಡಬಾರದು. ಅದೇ ನಿಮ್ಮ ಸಾಕ್ಷಿ.”

ಒಂದೊಂದು ಮಾತೂ ಗೋಂದಮ್ಮನ ನೆತ್ತಿಯ ಮೇಲೆ ಕಲ್ಲಿನಂತೆ ಬಿತ್ತು. ತೊಳೆದಿದ್ದಳು. ಅಂಟಿಸಿದ್ದಳು. ಡಾಕ್ಟರಿಗೆ… ಅಯ್ಯೋ, ಡಾಕ್ಟರಿಗೆ ಏನು ಹೇಳಿದ್ದಳು!

ಕಂಪನಿಯಿಂದ ಪರೀಕ್ಷೆಗೆಂದು ಮನೆಗೆ ಬಂದ ಯುವಕ ಸಭ್ಯಸ್ಥ. ಕೆಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ, ಹಿಡಿಯ ಸಂದಿನಲ್ಲಿ ಉಗುರಾಡಿಸಿದ.

“ಇದನ್ನ ಅಂಟಿಸಿದ್ದಾರೆ. ಮುರಿದದ್ದನ್ನ ಮನೇಲೇ ಅಂಟಿಸಿ ಬಳಸಿದ್ರೆ ಕಂಪನಿ ಹೊಣೆ ಆಗಲ್ಲ. ಆಸ್ಪತ್ರೆ ಚೀಟೀಲೂ ಕೈಜಾರಿ ಬಿತ್ತು ಅಂತಾನೇ ಬರೆದಿದೆ.”

“ಅಂಟಿಸಿದ್ದು ಸುಟ್ಟ ಮೇಲೆ ಸ್ವಾಮಿ!” ಎಂದ ಮಗ. “ನಾನು ಅವತ್ತು ಡ್ಯೂಟಿಲಿದ್ದೆ. ಅಮ್ಮ, ನೀನೇ ಇದ್ದೆಯಲ್ಲ, ಹೇಳು! ಯಾಕೆ ಸುಮ್ಮನಿದ್ದೀಯ?”

ಗೋಂದಮ್ಮ ಕೆಟಲಿನಿಂದ ಕಣ್ಣು ಕಿತ್ತು ನೆಲ ನೋಡಿದಳು. ಆಗ ಸೊಸೆ ಮೆಲ್ಲನೆ ಹೇಳಿದಳು, “ಬಿಡಿ ಅಂದ್ರೆ… ಅತ್ತೆನ ಏನೂ ಕೇಳಬೇಡಿ. ನನ್ನ ಹಣೇಲಿ ಇದ್ದದ್ದು ಆಗಿದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಒಂದು ಮಾತಿಗೆ ಮುದುಕಿಯ ಕಟ್ಟೆಯೊಡೆಯಿತು.

“ನಾನು ಅಂಟಿಸಿದ್ದು! ಇವಳನ್ನ ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ… ಹಿಡಿ ಅಲ್ಲಾಡ್ತಿದೆ ಅತ್ತೆ, ಅಂಗಡಿಗೆ ಕೊಟ್ಟು ಬರೋಣ ಅಂತ ಇವಳು ಮೊದಲೇ ಹೇಳಿದ್ಲು. ‘ನಿನ್ನ ನಾಲಗೆ ಅಲ್ಲಾಡೋದು ನಿಲ್ಲಿಸು, ಹಿಡಿ ತಾನೇ ನಿಲ್ಲುತ್ತೆ’ ಅಂದೆ. ಈ ಹಾಳು ಬಾಯಲ್ಲಿ ಅಂದೆ! ಅವತ್ತು ನಾನು ಕಟ್ಟೆ ಕೆಳಗೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದೆ. ಬಲಗೈಗೆ ಬಣ್ಣ ಆಗಿದೆ ಅಂತ ಎಡಗೈಲಿ ಕೆಟಲ್ ಎತ್ತಿದಳು. ಹಿಡಿ ಅವಳ ಕೈಲೇ ಉಳೀತು, ಕುದಿಯೋ ನೀರಿದ್ದ ಕೆಟಲ್ ನನ್ನ ತಲೆ ಮೇಲೆ ವಾಲಿತು… ಇವಳು ಹಿಂದೆ ಸರೀಬಹುದಿತ್ತು. ಸರೀಲಿಲ್ಲ! ಬಲಗೈ ಅಡ್ಡ ಕೊಟ್ಟು ಅಂಗೈಯಲ್ಲೇ ತಡೆದು ಆಚೆ ತಳ್ಳಿದಳು. ನನ್ನ ಮೇಲೆ ಒಂದು ಹನಿ ಬೀಳಲಿಲ್ಲ… ಒಂದು ಹನಿ!”

ಮಗ ಅಮ್ಮನ ಕಡೆಗೆ ತಿರುಗಿದ. “ಇಷ್ಟು ದಿನ… ನನ್ನ ಹತ್ತಿರಾನೂ…”

“ಹೇಳಿದ್ರೆ ನೀನು ನನ್ನ ಮುಖ ನೋಡ್ತಿದ್ಯೇನೋ?”

ಯುವಕ ಕೆಟಲನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಕೇಳಿದ, “ಅಜ್ಜಿ, ಡಾಕ್ಟರಿಗೆ ಬೇರೆ ಹೇಳಿದ್ರಲ್ಲ?”

“ಸುಳ್ಳು ಹೇಳಿದೆ.”

“ಹಾಗಾದ್ರೆ ಈಗ ಹೇಳ್ತಿರೋದು ನಿಜ ಅಂತ ಮೇಲಿನವರಿಗೆ ನಾನು ಹೇಗೆ ಹೇಳಲಿ?”

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಆ ಪ್ರಶ್ನೆ ಇನ್ನಷ್ಟು ಆಳಕ್ಕೆ ಇಳಿಯಿತು.

ವಕೀಲೆ ಬಿಡಲಿಲ್ಲ, ಬಡಿದಾಡಿದಳು. ಆದರೆ ತೊಳೆದು ಅಂಟಿಸಿದ ವಸ್ತುವಿನಿಂದ ಕಾರಣ ನಿರ್ಧರಿಸಲಾಗದು ಎಂಬ ಉತ್ತರವೇ ತಿರುತಿರುಗಿ ಬಂತು. ಕೊನೆಗೆ ಮನೆಗೆ ಬಂದದ್ದು ಒಂದು ಹೊಸ ಕೆಟಲ್! ಮಗ ಅಲ್ಲಿ ಇಲ್ಲಿ ಹೊಂದಿಸಿ ಶಸ್ತ್ರಚಿಕಿತ್ಸೆ ಮಾಡಿಸುವ ಹೊತ್ತಿಗೆ ಬೆರಳಿನ ಕೀಲುಗಳು ಬಿಗಿದುಹೋಗಿದ್ದವು. ಅನ್ನ ಕಲಸುವಷ್ಟು ಬಂದೀತು, ಕುಂಚ ಹಿಡಿಯುವಷ್ಟು ಬಾರದು ಎಂದರು ಡಾಕ್ಟರು.

ಗೋಂದಮ್ಮ ಸುಳ್ಳು ಹೇಳಿದ ಬಾಗಿಲುಗಳಿಗೆಲ್ಲ ಮತ್ತೆ ಹೋಗಿ ನಿಂತಳು. “ಅವಳದ್ದಲ್ಲಪ್ಪ ತಪ್ಪು, ನನ್ನದು. ನನ್ನನ್ನ ಉಳಿಸೋಕೆ ಕೈ ಕೊಟ್ಟಳು.” ಹೊಲಿಗೆ ಯಂತ್ರ ನಿಲ್ಲಿಸದೆಯೇ ದರ್ಜಿ, “ಅವತ್ತು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದೆ ತಾಯಿ, ಇವತ್ತು ಯಾಕೆ ಪಿಸುಮಾತು?” ಎಂದ. ಅವಳು ಬೀದಿಯ ನಡುವೆ ಬಂದು ನಿಂತಳು. ಅದನ್ನೇ ಮತ್ತೊಮ್ಮೆ, ಕೂಗಿ ಹೇಳಿದಳು. ಯಂತ್ರ ನಿಂತಿತು.

ಹೊಸ ಕೆಟಲ್‌ನ ಡಬ್ಬ ಇನ್ನೂ ಬೀರುವಿನ ಮೇಲೆ ಹಾಗೇ ಇದೆ. ನೀರು ಒಲೆಯ ಮೇಲಿನ ಪಾತ್ರೆಯಲ್ಲೇ ಕಾಯುತ್ತದೆ. ಸೊಸೆ ಎಡಗೈಯಲ್ಲಿ ಅಕ್ಷರ ತಿದ್ದುತ್ತಾಳೆ. ಗೆರೆಗಳು ಎಲ್ಲೆಲ್ಲೋ ಓಡುತ್ತವೆ. ಬೆಳಗಾದರೆ ಅತ್ತೆ ಎಣ್ಣೆ ಬೆಚ್ಚಗೆ ಮಾಡಿ, ಸೊಸೆಯ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಕೈ ತೆಗೆದರೆ ಅವು ಮತ್ತೆ ಒಳಕ್ಕೆ ಬಾಗುತ್ತವೆ. ಮತ್ತೆ ಬಿಡಿಸುತ್ತಾಳೆ. ಬದುಕೆಲ್ಲ ಅಂಟಿಸುವುದನ್ನೇ ಬಲ್ಲ ಆ ಕೈಗಳು ಈ ವಯಸ್ಸಿನಲ್ಲಿ ಬಿಡಿಸುವುದನ್ನು ಕಲಿಯುತ್ತಿವೆ.

“ನೋಯ್ತಿದೆಯೇನೇ, ಬೋರ್ಡಮ್ಮ?” ಅತ್ತೆಯ ಕಣ್ಣೀರು ಎಣ್ಣೆಯ ಕೈಯ ಮೇಲೆಯೇ ತೊಟ್ಟಿಕ್ಕಿತು.

“ನೋಯ್ತಿದೆ ಅತ್ತೆ…” ಸೊಸೆ ಕೈ ಹಿಂದೆಳೆದುಕೊಳ್ಳಲಿಲ್ಲ. “ನಿಲ್ಲಿಸಬೇಡಿ.”